ಜಯಕರ ಚೌಕಾಸಿ ಮಾಡದ ದಿನ

ಬಂಗಾಳಿಗಳ ಮಹಾನಗರದಲ್ಲಿ, ಸದರ್ನ್ ಅವೆನ್ಯೂ ಪಕ್ಕದ ಗಲ್ಲಿಯಲ್ಲಿ ಮೆಸ್ಸು ನಡೆಸುತ್ತಿದ್ದ ಉಡುಪಿ ಕಡೆಯ ಜಯಕರನಿಗೆ ಸಿದ್ಧ ಸಾಮಾನು ಎಂದರೆ ಆಗಿಬರುತ್ತಿರಲಿಲ್ಲ. ಸಾರಿನ ಪುಡಿಗೆ ಕೊತ್ತಂಬರಿ ಒಂದು ಅಂಗಡಿಯದು, ಮೆಣಸು ಇನ್ನೊಂದರದು, ಇಂಗು ಮತ್ತೊಂದರದು. "ಎಲ್ಲ ಒಂದೇ ಕಡೆ ಕೊಂಡವನ ಸಾರಿಗೆ ಅಂಗಡಿಯವನದೇ ರುಚಿ" ಎನ್ನುತ್ತಿದ್ದ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸದೆ ಚೀಲಕ್ಕೆ ಹಾಕಿದವನಲ್ಲ, ಕೇಳಿದ ಬೆಲೆ ಕೊಟ್ಟು ಬಂದವನೂ ಅಲ್ಲ.

ಎರಡು ಸಾವಿರದ ಮೂರನೇ ಇಸವಿ. ಊರಿಗೆ ಊರೇ ಕಂಪ್ಯೂಟರ್ ಜಪ ಮಾಡುತ್ತಿದ್ದ ಕಾಲ. ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿದ್ದ ಮಗಳು ಶ್ರೀರಕ್ಷಾ ಮನೆಗೂ ಒಂದು ಬೇಕೆಂದಳು. "ಬಿಡಿಭಾಗ ತಂದುಕೊಡಿ ಅಪ್ಪ, ನಾನೇ ಜೋಡಿಸ್ತೇನೆ."

ಹೆಂಡತಿ ಗಿರಿಜಾಳ ತಮ್ಮ, ರೈಲ್ವೆಯ ಉಮಾಪತಿ, ಕೇಳಿ ನಕ್ಕ. "ಭಾವ, ಕಂಪನಿಯದ್ದೇ ತನ್ನಿ. ಕೆಟ್ಟರೆ ಅವರೇ ಬಂದು ನೋಡ್ತಾರೆ. ಇದೇನು ಹುಳಿಗೆ ತರಕಾರಿ ಹೆಚ್ಚಿ ಹಾಕಿದ ಹಾಗಾ?"

"ಹಾಗೇ ಮಾರಾಯ! ಇವಳು ಜೋಡಿಸಿದ್ದು ನಡೆಯದಿದ್ದರೆ ನೀನು ಹೇಳಿದ ಡಬ್ಬವನ್ನೇ ತರ್ತೇನೆ. ಆಮೇಲೆ ಇವಳು ಅದರ ಒಂದು ಸ್ಕ್ರೂ ಸಹ ಮುಟ್ಟುವ ಹಾಗಿಲ್ಲ."

ಜಂಬದಲ್ಲಿ ಆಡಿದ ಮಾತು. ಶ್ರೀರಕ್ಷಾಳ ಮುಖ ಸಣ್ಣದಾಯಿತು. ಪಣಕ್ಕೆ ಬಿದ್ದದ್ದು ಅವಳ ಕೈಕೆಲಸ.

ಹುಡುಗಿಯನ್ನು ಕಂಡರೆ ಬೆಲೆ ಏರಿಸುತ್ತಾರೆಂದು ಜಯಕರ ಒಬ್ಬನೇ ಚಾಂದನಿ ಮಾರುಕಟ್ಟೆಗೆ ಹೋದ. ಒಂದೊಂದು ಭಾಗಕ್ಕೂ ಒಂದೊಂದು ಅಂಗಡಿ. ಹಾರ್ಡ್ ಡಿಸ್ಕನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಅಂಗಡಿಯವನು ಎರಡೂ ಕೈ ಚಾಚಿ ಕೂಗಿಕೊಂಡ: "ದಾದಾ, ಅದು ತೆಂಗಿನಕಾಯಿಯಲ್ಲ!" ಕೊನೆಗೆ ಉಳಿದದ್ದು ಮೆಮೊರಿ ಪಟ್ಟಿ, ಬೋರ್ಡಿಗೆ ಸಿಕ್ಕಿಸುವ ತೆಳು ತುಂಡು. ಹೊಸ ಬಗೆಯದೇ ಆಗಬೇಕೆಂದು ಮಗಳು ಹೇಳಿ ಕಳಿಸಿದ್ದಳು. ಬಿಸ್ವಾಸ್ ಬಾಬುವಿನ ಅಂಗಡಿಯಲ್ಲಿ ಹಳೆಯ ಬಗೆಯದು ಅಗ್ಗಕ್ಕೆ ಸಿಕ್ಕಿತು. ಉದ್ದ ಅಷ್ಟೇ, ಬಣ್ಣ ಅದೇ. ಹಳೆ ಅಕ್ಕಿಯೇ ಅಲ್ಲವೇ ಅನ್ನಕ್ಕೆ ಒಳ್ಳೆಯದು? "ಬದಲಿಸುವುದಾದರೆ ವಾರದೊಳಗೆ ಬನ್ನಿ" ಎಂದ ಬಿಸ್ವಾಸ್ ಬಾಬು.

ಮಾರನೆಯ ದಿನ ನವರಾತ್ರಿ ಹಿಡಿಯಿತು. "ಪೂಜೆ ಮುಗಿಯದೆ ಹೊಸ ಯಂತ್ರದ ಕಟ್ಟು ಬಿಚ್ಚಬಾರದು" ಎಂದು ಗಿರಿಜಾ ಎಲ್ಲವನ್ನೂ ಸರಸ್ವತಿಯ ಮುಂದಿಟ್ಟು ಕುಂಕುಮ ಹಚ್ಚಿದಳು. ವಾರ ಅಲ್ಲೇ ಕಳೆದುಹೋಯಿತು.

ವಿಜಯದಶಮಿಯಂದು ಶ್ರೀರಕ್ಷಾ ಜೋಡಿಸಲು ಕೂತಳು. ಎಲ್ಲವೂ ಕೂತಿತು, ಮೆಮೊರಿ ಮಾತ್ರ ಕೂರಲೊಲ್ಲದು. ಹಳೆಯ ಬಗೆಯ ಪಟ್ಟಿಯಲ್ಲಿ ಎರಡು ಕಚ್ಚು, ಬೋರ್ಡಿನ ಗೂಡಿಗೆ ಬೇಕಾದದ್ದು ಒಂದೇ.

"ನಾನು ಹೇಳಿರಲಿಲ್ವಾ ಭಾವ?" ಎಂದ ಉಮಾಪತಿ. "ಕಂಪನಿಯದ್ದು ಯಾವಾಗ ತರುವುದು?"

ಶ್ರೀರಕ್ಷಾ ತಪ್ಪು ಯಾರದೆಂದು ಬಾಯಿ ಬಿಡಲಿಲ್ಲ. ಸ್ಕ್ರೂಗಳನ್ನು ಸುಮ್ಮನೆ ಬಟ್ಟಲಿಗೆ ತುಂಬಿದಳು. ಬೈದಿದ್ದರೆ ಜಯಕರ ತಡೆದುಕೊಳ್ಳುತ್ತಿದ್ದ, ಆ ಮೌನ ಹಸಿಮೆಣಸಿನಂತೆ ಉರಿಯಿತು.

ಹಬ್ಬ ಕಳೆದು ಚಾಂದನಿ ಬಾಗಿಲು ತೆರೆದ ದಿನ ಅವನು ಕಡಲೆಬೇಳೆ ಬೆಲ್ಲದ ಹಯಗ್ರೀವ ಮಾಡಿ, ಡಬ್ಬಿಗೆ ತುಂಬಿಕೊಂಡು ಹೊರಟ. ಬಿಜಯಾ ಕಾಲ, ದುರ್ಗೆಯನ್ನು ಕಳಿಸಿದ ಮೇಲೆ ಬಂಗಾಳಿಗಳು ಸಿಹಿ ಹಿಡಿದು ಒಬ್ಬರ ಮನೆಗೊಬ್ಬರು ಹೋಗುವ ದಿನಗಳು.

ಬಿಸ್ವಾಸ್ ಬಾಬು ಪಟ್ಟಿಯ ಪೊಟ್ಟಣ ತಿರುಗಿಸಿ ನೋಡಿದ. "ವಾರ ಅಂದಿದ್ದೆನಲ್ಲ? ಇದೇನು ಕೆಂಪು?"

"ಕುಂಕುಮ. ದೇವರ ಮುಂದೆ ಇಟ್ಟಿದ್ದೆವು."

"ಇದನ್ನಿನ್ನು ಯಾರಿಗೆ ಮಾರಲಿ ದಾದಾ?" ಎಂದು ಗೊಣಗುತ್ತಲೇ ಒಂದು ಚಮಚ ಹಯಗ್ರೀವ ಬಾಯಿಗಿಟ್ಟ. ಇನ್ನೊಂದು. "ಹೊಸದಕ್ಕೆ ಹೆಚ್ಚಾಗುತ್ತೆ. ಹಳೆಯದಕ್ಕೆ ಅರ್ಧ ಬೆಲೆ ಮಾತ್ರ ಕಳೀತೇನೆ."

ಜಯಕರ ಕೇಳಿದಷ್ಟನ್ನೂ ಎಣಿಸಿ ಕೊಟ್ಟ. ಬಿಸ್ವಾಸ್ ಬಾಬುವಿನ ಚಮಚ ಗಾಳಿಯಲ್ಲೇ ನಿಂತಿತು. "ದಾದಾ, ಮೈ ಹುಷಾರಿದೆಯಾ?"

"ಬಾಯಿ ಹುಷಾರಿಲ್ಲ" ಎಂದ ಜಯಕರ. "ಮೊನ್ನೆ ಹೆಚ್ಚು ಆಡಿಬಿಟ್ಟಿತು."

ಮನೆಯಲ್ಲಿ ಹೊಸ ಪಟ್ಟಿ ಟಕ್ಕೆಂದು ಕೂತಿತು. ಉಮಾಪತಿಯನ್ನೂ ಕರೆಸಿದ್ದರು. ಶ್ರೀರಕ್ಷಾ ಹಿಂದೆ ಸರಿದು, "ಅಪ್ಪ, ಸ್ವಿಚ್ಚು ನೀವೇ ಒತ್ತಿ" ಎಂದಳು.

ಜಯಕರ ಪಂಚೆಗೆ ಕೈ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಆಮೇಲೆ ಆ ಕೈಯನ್ನು ಬೆನ್ನಿನ ಹಿಂದೆ ಕಟ್ಟಿಕೊಂಡು, "ಒಗ್ಗರಣೆ ಯಾವತ್ತೂ ಅಡಿಗೆ ಮಾಡಿದವರದೇ ಮಗಾ, ನೀನೇ ಒತ್ತು" ಎಂದ.