ಕಾಕಾನ ಜೀಪು, ಇಮಾಮಸಾಬನ ತೀರ್ಪು

ಮೊನ್ನೆ ವಿಜಯದಶಮಿಯ ಸಂಜೆ ಮೊಮ್ಮಗಳು ನನ್ನ ಅಂಗೈಯಲ್ಲಿ ಬನ್ನಿ ಎಲೆ ಇಟ್ಟು, "ಬಂಗಾರ ತಗೋ ಅಜ್ಜಾ" ಎಂದು ನಮಸ್ಕಾರ ಮಾಡಿದಳು. ಅದೇ ಓಟದಲ್ಲಿ ಅಂಗಳಕ್ಕೆ ಹೋಗಿ ತನ್ನ ಸ್ಕೂಟರಿನ ಸೀಟು ಎತ್ತಿದಳು. ಪೆಟ್ರೋಲಿನ ವಾಸನೆ ಪಡಸಾಲೆಯವರೆಗೂ ಬಂತು. ಕೈಯಲ್ಲಿ ಬನ್ನಿ, ಮೂಗಿನಲ್ಲಿ ಪೆಟ್ರೋಲು. ಇವೆರಡೂ ಒಟ್ಟಿಗೆ ಸಿಕ್ಕರೆ ನನಗೆ ನಗು ತಡೆಯುವುದಿಲ್ಲ. ನೀವು ಹತ್ತಿರ ಕುಳಿತಿದ್ದರೆ ಮುದುಕನಿಗೆ ಏನಾಯಿತೋ ಎಂದು ಗಾಬರಿಪಡುತ್ತಿದ್ದಿರಿ. ಆದ್ದರಿಂದ ಹೇಳಿಯೇ ಬಿಡುತ್ತೇನೆ.

ನಮ್ಮ ಕಾಕಾ ಗದಗಿನಲ್ಲಿ ವಕೀಲರು. ಅವರ ಅಜ್ಜ ಗುಡಿಯಲ್ಲಿ ಗಂಟೆ ಬಾರಿಸಿದವರು, ಅಪ್ಪ ಶಾಲೆಯಲ್ಲಿ ಗಂಟೆ ಬಾರಿಸಿದವರು. ಕಾಕಾನಿಗೆ ಗಂಟೆ ಬೇಕಾಗಿರಲಿಲ್ಲ, ಗಂಟಲೇ ಸಾಕಾಗಿತ್ತು. ಅವರ ಪಕ್ಷಗಾರರೆಲ್ಲ ಲಕ್ಷ್ಮೇಶ್ವರ, ಶಿರಹಟ್ಟಿಯ ಕಡೆಯವರು. ಮಳೆ ಬಿದ್ದರೆ ಅಲ್ಲಿನ ಎರೆ ಮಣ್ಣು ಚಕ್ಕಡಿಯ ಗಾಲಿಯನ್ನೂ ಬಿಡುತ್ತಿರಲಿಲ್ಲ. ಹೀಗಾಗಿ ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಜೀಪೊಂದನ್ನು ಕಾಕಾ ಮನೆಗೆ ತಂದರು.

ತಂದದ್ದು ಸರಿ, ಆದರೆ ಹಾಗೆಯೇ ಬಿಟ್ಟಿದ್ದರೆ ಅವರು ನಮ್ಮ ಕಾಕಾ ಹೇಗಾದಾರು? ಬೆಟಗೇರಿಯ ಬಡಿಗನಿಂದ ಅದಕ್ಕೆ ಸಾಗವಾನಿಯ ಮನೆ ಕಟ್ಟಿಸಿದರು. ಆ ಬಡಿಗ ಹುಟ್ಟಿದಾಗಿನಿಂದ ಮಗ್ಗ ಬಿಟ್ಟರೆ ಬೇರೇನೂ ಮಾಡಿದವನಲ್ಲ. ಜೀಪಿಗೆ ಎರಡು ಬೆಂಚು, ನಾಲ್ಕು ಕಿಟಕಿ ಬಂದವು. ಡ್ರೈವರನ ಸೀಟಿನ ಕೆಳಗಿದ್ದ ಪೆಟ್ರೋಲ್ ಟಾಕಿಯ ಬಾಯಿ ಬೆಂಚಿನಡಿ ಮುಚ್ಚಿಹೋಗುತ್ತದೆಂದು ಅದನ್ನು ಪಕ್ಕಕ್ಕೆ ತಂದು, ಗೋಡೆಯಲ್ಲಿ ದೀಪ ಇಡುವ ಮಾಡ ಇರುತ್ತದಲ್ಲ, ಅಂಥದೊಂದು ಚೆಂದದ ಮಾಡ ಕೊರೆದ. ಮೂಲ ಮುಚ್ಚಳ ಕಳೆದಿತ್ತು. ಅದರ ಬದಲಿಗೆ ಕಟ್ಟಿಗೆಯ ಬಿರಡೆ ಜಡಿದ. ಅದನ್ನು ಕೀಳಬೇಕಾದರೆ ರಟ್ಟೆಯಲ್ಲಿ ಕಸುವು ಬೇಕಾಗಿತ್ತು.

ಇನ್ನು ಆಯಿಯ ಮಾತು. ಆಯಿ ಎಂದರೆ ಕಾಕಾನ ತಾಯಿ, ನನ್ನ ಅಜ್ಜಿ. ಅವಳ ಒಬ್ಬಳೇ ತಂಗಿಯನ್ನು ಮುಂಡರಗಿಯಾಚೆ, ಕೊಪ್ಪಳದ ಕಡೆಯ ಹಳ್ಳಿಗೆ ಕೊಟ್ಟಿತ್ತು. ಅದು ಆಗ ನಿಜಾಮರ ಸೀಮೆ. ಒಮ್ಮೆ ಗಡಿಯ ಸುಂಕದ ನಾಕಾದವನು ಆಯಿಯ ಗಂಟು ಬಿಚ್ಚಿಸಿ, ಒಳಗೆ ಏನಿದೆಯೋ ಎಂದು ಒಂದೊಂದೇ ಕರ್ಚಿಕಾಯಿ ಮುರಿದು ನೋಡಿದನಂತೆ. ಅಂದಿನಿಂದ ಆಯಿ ಆ ಕಡೆ ಕಾಲಿಡಲಿಲ್ಲ. ನಿಜಾಮರ ಆಳಿಕೆ ಮುಗಿಯಿತು, ನಾಕಾ ಎದ್ದಿತು, ತಂಗಿ ಹೇಳಿಕಳಿಸಿದಳು. ಆಯಿಯದು ಒಂದೇ ಹಟ: "ನಾಕಾ ಹೋದ್ರ ಏನಾತು? ಗಡಿ ಇನ್ನೂ ಐತೆಲ್ಲ! ನಮ್ಮ ಸೀಮಿ ಅಕಿ ಸೀಮಿ ಒಂದಾದ ದಿನಾನಽ ಹೋಗಾಕಿ ನಾ." ಹೀಗೆ ಎಂಟು ವರ್ಷ. ಕಡೆಗೆ ಏಕೀಕರಣದ ದಿನ ಗೊತ್ತಾಯಿತು. ಅಂದೇ ಜೀಪಿನಲ್ಲಿ ಕರೆದೊಯ್ಯುತ್ತೇನೆಂದು ಕಾಕಾ ಮಾತು ಕೊಟ್ಟರು.

ಆ ವರ್ಷದ ದಸರೆ ಮುಗಿದದ್ದೇ ತಡ, ಜೀಪು ಕಾಯಿಲೆ ಬಿತ್ತು. ಒಮ್ಮೆ ನಾಲ್ಕು ಮೈಲಿ, ಒಮ್ಮೆ ಹತ್ತಾರು ಮೈಲಿ ಓಡಿ ನಿಂತುಬಿಡುವುದು. ಅರ್ಧ ತಾಸು ಸುಮ್ಮನಿದ್ದರೆ ತಾನಾಗಿ ಚಾಲೂ ಆಗುವುದು. ಸ್ಟೇಶನ್ನಿನ ಹತ್ತಿರ ಇಮಾಮಸಾಬನ ದುಕಾನು. ಸುತ್ತಿನ ಊರುಗಳಿಗೆಲ್ಲ ಅವನೇ ಮೋಟಾರು ವೈದ್ಯ. ಅವನ ಮುಂದೆ ನಿಲ್ಲಿಸಿದರೆ ಜೀಪು ಶಾಲೆ ತಪಾಸಣೆಯ ದಿನದ ಹುಡುಗರಂತೆ ಶಿಸ್ತಾಗಿ ಇರುತ್ತಿತ್ತು. ಇಮಾಮಸಾಬ ಮೂರು ದಿನ ಕಿವಿಗೊಟ್ಟು ತೀರ್ಪು ಹೇಳಿದ.

"ವಕೀಲಸಾಹೇಬ್ರ, ಎಂಜಿನ್ ಮುದುಕ ಆಗೈತಿ. ಇಳಿಸಿ ಬಿಚ್ಚಬೇಕು. ಅದಕ್ಕೂ ಮೊದಲ ಈ ಮಗ್ಗ ತಗದ ಒಗೀರಿ. ಇಷ್ಟ ಭಾರ ಹೊತ್ತು ಅದರ ಎದಿ ಒಡದೈತಿ."

ಕಾಕಾ ಪಾಟೀಸವಾಲಿಗೆ ನಿಂತರು. "ಭಾರ ಮೊದಲೂ ಇತ್ತೋ ಇಲ್ಲೋ?"

"ಇತ್ರಿ."

"ಆವಾಗ ಓಡ್ತಿತ್ತೋ ಇಲ್ಲೋ?"

"ಓಡ್ತಿತ್ರಿ."

"ಮುಗೀತು! ಎಂಜಿನ್ ಗಟ್ಟಿ ಐತಿ. ನಿನಗ ಗೊತ್ತಾಗವಲ್ದು."

"ಸಾಯೂತನಕ ಎಲ್ಲಾರೂ ಗಟ್ಟಿನಽ ಇರ್ತಾರ್ರಿ," ಎಂದ ಇಮಾಮಸಾಬ. ಬಿಚ್ಚಿ ಜೋಡಿಸಲು ಒಂದು ತಿಂಗಳು ಬೇಕಂತೆ. ಏಕೀಕರಣಕ್ಕೆ ಉಳಿದದ್ದು ಹತ್ತು ದಿನ.

ಆಗ ನಾನು ಇಂಟರ್ ಸೈನ್ಸಿಗೆ ಎರಡನೆಯ ಸಲ ಕಟ್ಟಿದ್ದೆ. ಮೊದಲ ಸಲ ಏನಾಗಿತ್ತೆಂದು ನೀವು ಕೇಳಬಾರದು, ನಾನು ಹೇಳಬಾರದು. ಬಿಸಿಲಿಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗುತ್ತಿದೆ ಎಂದು ಪುಸ್ತಕ ತೆರೆದು ಸಾಧಿಸಿದೆ. ಕೊಳವೆಗೆ ಹಸಿ ಗೋಣಿತಟ್ಟು ಸುತ್ತಿದೆವು. ಜೀಪು ಬಿಂಕದಕಟ್ಟಿಯವರೆಗೆ ಹೋಗಿ, ಹಸಿ ಗೋಣಿತಟ್ಟಿನ ಸಮೇತ ನಿಂತಿತು. ಇಮಾಮಸಾಬ ನನ್ನನ್ನು ನೋಡಿ, "ಸಾಲಿ ಎಷ್ಟನೇತ್ತ ಆಗೈತಿ?" ಎಂದಷ್ಟೇ ಕೇಳಿದ.

ಕೊನೆಗೆ ರಾಜಿಯಾಯಿತು. ಬಿಚ್ಚುವುದೆಲ್ಲ ಆ ದಿನ ಕಳೆದ ಮೇಲೆ. ಇಮಾಮಸಾಬನೂ ನಮ್ಮ ಜೊತೆ ಬರಬೇಕು. ಅವನ ಮಾತು ನಿಜವಾದರೆ ಕಾಕಾ ಸಾಗವಾನಿ ಮನೆಯನ್ನು ಕೈಯಾರೆ ಕಿತ್ತುಹಾಕಬೇಕು. ಸುಳ್ಳಾದರೆ ಅವನು ಬೆಟಗೇರಿ ಸಂತೆಯಲ್ಲಿ ನಿಂತು ಸೋತೆ ಎನ್ನಬೇಕು.

ಆ ದಿನ ಬೆಳಿಗ್ಗೆ ಆಯಿ ಹೋಳಿಗೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಹತ್ತಿದಳು. ಡಂಬಳ ದಾಟಿದ ಕೂಡಲೇ ಒಮ್ಮೆ ನಿಂತೆವು. ಮುಂಡರಗಿಯೊಳಗೆ ಮತ್ತೊಮ್ಮೆ. ಅಲ್ಲಿ ಮೆರವಣಿಗೆಯವರೇ ಜೈಕಾರ ಹಾಕುತ್ತ ಜೀಪನ್ನು ತಳ್ಳಿದರು. ಊರು ಬಿಟ್ಟು ಸ್ವಲ್ಪ ದೂರಕ್ಕೆ ಮೂರನೆಯ ಸಲ ನಿಂತದ್ದು ಏನು ಮಾಡಿದರೂ ಏಳಲಿಲ್ಲ. ಹಳೆಯ ನಾಕಾ ಇನ್ನೂ ಎರಡು ಮೈಲಿ. ಹೊತ್ತು ಇಳಿಯುತ್ತಿತ್ತು. ಕಾಕಾ ಕೆಳಗಿಳಿದು ಸಾಗವಾನಿಯ ಕಿಟಕಿಯನ್ನೊಮ್ಮೆ ಸವರಿದರು.

"ನಾ ಹೇಳಿದ್ದಽ ಖರೆ ಆತ್ರಿ," ಎಂದ ಇಮಾಮಸಾಬ. ಗೆದ್ದವನ ದನಿ ಅವನದಾಗಿರಲಿಲ್ಲ.

ಆಯಿ ಇಳಿದು, ಗಂಟು ಬಗಲಿಗಿಟ್ಟು ನಡೆಯತೊಡಗಿದಳು. "ಎಂಟ ವರ್ಷ ಕಾದೀನಿ. ಎರಡ ಮೈಲಿಗೆ ಕಾಯಾಂಗಿಲ್ಲ."

ಇಮಾಮಸಾಬ ಓಡಿಹೋಗಿ ಅಡ್ಡ ನಿಂತ. "ಅಮ್ಮಾ, ಒಂದ ಗಳಿಗಿ ಕುಂಡ್ರಿ. ನನ್ನ ಆಣಿ ಐತಿ." ಅವಳನ್ನು ಕಲ್ಲಿನ ಮೇಲೆ ಕೂಡಿಸಿ ಬಂದು, ಪೆಟ್ರೋಲಿನ ಕೊಳವೆ ಬಿಚ್ಚಿ ಬಾಯಿ ಹಚ್ಚಿ ಊದಿದ. ಟಾಕಿಯೊಳಗೆ ಗುಳುಗುಳು ಎಂದಿತು. ಪೆಟ್ರೋಲು ಹರಿಯಿತು, ಮತ್ತೆ ಕಟ್ಟಿತು. ಅವನ ಹುಬ್ಬು ಗಂಟಾಯಿತು. ಇಕ್ಕಳದಿಂದ ಬಿರಡೆ ಕಿತ್ತು, ತಂತಿಯ ಕೊಕ್ಕೆ ಇಳಿಬಿಟ್ಟು ಮೇಲೆಳೆದ. ಕೊಕ್ಕೆಯ ತುದಿಗೆ ಒಂದು ಕಡ್ಡಿ, ಅದಕ್ಕೆ ಅಂಟಿದ ಕಪ್ಪನೆಯ ಪುಟ್ಟ ಎಲೆಗಳು. ಓಡುವಾಗ ಕೊಳವೆಯ ಬಾಯಿಗೆ ಅಡ್ಡ ಕೂತು, ನಿಂತಾಗ ಸರಿಯುತ್ತಿದ್ದದ್ದು ಇದೇ.

"ಇದೇನ್ರಿ ಇದು?"

"ಬನ್ನಿ," ಎಂದಳು ಆಯಿ, ಕಲ್ಲಿನ ಮೇಲಿಂದಲೇ. "ದಸರಿ ದಿನ ಓಣ್ಯಾಗ ಎಲ್ಲಾರಿಗೂ ಬಂಗಾರ ಕೊಟ್ಟೆ. ವರ್ಷಾನಗಟ್ಟಲೆ ನಮ್ಮನ್ನ ಹೊತ್ತ ಈ ಜೀಪಿಗೂ ಕೊಡಬ್ಯಾಡೇನು? ಕೈ ಇಲ್ಲ ಪಾಪ, ಬಾಯಾಗ ಇಟ್ಟೆ."

"ಈ ಬಿರಡಿ ಯಾರ ತಗದ್ರು? ನನಗಽ ಇಕ್ಕಳ ಬೇಕಾತಲ್ಲ!"

ಆಯಿ ಒಮ್ಮೆ ನನ್ನ ಕಡೆ ನೋಡಿದಳು. "ನಾನಽ ತಗದೆ," ಎಂದಳು.

ಇಮಾಮಸಾಬ ರಸ್ತೆಯ ಮೇಲೆಯೇ ಕುಳಿತು ಕಣ್ಣೀರು ಬರುವವರೆಗೆ ನಕ್ಕ. "ಅಮ್ಮಾ, ನನಗೂ ಅವತ್ತ ಬಂಗಾರ ಕೊಟ್ಟಿದ್ರಿ. ನಾ ಕಿಸೇದಾಗ ಇಟ್ಕೊಂಡೆ. ಪಾಪ, ಇದಕ್ಕ ಕಿಸೆ ಇಲ್ಲ!" ಕಾಕಾ ತಕ್ಷಣ ವಕೀಲರಾದರು. "ಎಂಜಿನ್ ಗಟ್ಟಿ ಐತಿ ಅಂದಿದ್ನೋ ಇಲ್ಲೋ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಅವನನ್ನು ತಬ್ಬಿಕೊಂಡರು.

ಹೋಳಿಗೆ ಸುತ್ತಿದ್ದ ಬಟ್ಟೆಯಲ್ಲೇ ಪೆಟ್ರೋಲು ಸೋಸಿದೆವು. ಬಟ್ಟೆ ಹಿಂಡಿದ ಕೈಯಿಂದಲೇ ಹೋಳಿಗೆಯನ್ನು ಜೀಪಿನಲ್ಲಿದ್ದ ಬುಟ್ಟಿಗೆ ತುಂಬಿದೆವು. ಜೀಪು ಒಂದೇ ಏಟಿಗೆ ಹೊರಟಿತು. ನಾಕಾದ ಗುಡಿಸಲಿಗೆ ಬಾಗಿಲಿರಲಿಲ್ಲ, ಒಳಗೊಂದು ಆಡು ನಿಂತಿತ್ತು. ಆಯಿ ಜೀಪು ನಿಲ್ಲಿಸಲು ಹೇಳಿ ಇಳಿದಳು. ಒಂದು ಹೋಳಿಗೆ ತೆಗೆದು, ಆಡಿನ ಮುಂದೆ ಹಿಡಿದು, "ಇಕಾ, ಇದನ್ನ ನಾನಽ ಮುರದೀನಿ," ಎಂದು ಎರಡು ಮಾಡಿ ಅರ್ಧ ಅದಕ್ಕೆ ಕೊಟ್ಟು ಅರ್ಧ ತಾನು ತಿಂದಳು. ಸಂಜೆ ಅವಳ ತಂಗಿ ಮೊದಲ ತುತ್ತಿಗೇ ಮುಖ ಹಿಂಡಿ, "ಅಕ್ಕಾ, ಹೂರಣಕ್ಕ ಏನ ಹಾಕೀಯ?" ಎಂದಳು. "ಬಂಗಾರ," ಎಂದಳು ಆಯಿ. ಇಬ್ಬರು ಮುದುಕಿಯರೂ ಕೈ ಕೈ ಹಿಡಿದು ನಕ್ಕರು, ಅತ್ತರು, ಆ ಹೋಳಿಗೆಯನ್ನೇ ತಿಂದರು.

ಈ ಕತೆಯನ್ನು ನಾನು ಊರೆಲ್ಲ ಹೇಳಿದ್ದೇನೆ. ಎಲ್ಲ ಸಲವೂ ಒಂದು ಮಾತು ಬಿಟ್ಟೇ ಹೇಳಿದ್ದೇನೆ. ಆಯಿಯ ಕೈಗೆ ಡಬ್ಬಿಯ ಮುಚ್ಚಳವೂ ಬರುತ್ತಿರಲಿಲ್ಲ. ದಸರೆಯ ಸಂಜೆ "ಇದನ್ನಷ್ಟ ತಗಿಯೋ" ಎಂದಾಗ ಬಿರಡೆ ಕಿತ್ತುಕೊಟ್ಟವನು ನಾನು. ಗೆಳೆಯರು ಕಾಯುತ್ತಿದ್ದರೆಂದು ಅವಳು ಏನು ಮಾಡುತ್ತಿದ್ದಾಳೆ ಎಂದೂ ನೋಡದೆ, ಮತ್ತೆ ಗುದ್ದಿ ಜಡಿದವನೂ ನಾನೇ. ಇಂಟರ್ ಸೈನ್ಸು! ಅವಳು ಅಂದು ರಸ್ತೆಯಲ್ಲಿ ನನ್ನ ಮರ್ಯಾದೆ ಕಾಯ್ದಳು. ನಾನು ಅದನ್ನು ಕಾಯ್ದುಕೊಂಡೇ ಮುದುಕನಾದೆ.

"ಅಜ್ಜಾ, ಒಬ್ಬನಽ ಯಾಕ ನಗಾಕತ್ತಿ? ಸ್ಕೂಟರಿಗೆ ಬನ್ನಿ ಎಲ್ಲೆ ಇಡ್ಲಿ?" ಮೊಮ್ಮಗಳು ಅಂಗಳದಿಂದ ಕೇಳಿದಳು.

"ಇಲ್ಲಿ ತಾ," ಎಂದೆ. "ಅದರ ಪಾಲು ನನ್ನ ಕಿಸೇದಾಗ ಇರಲಿ. ಬಾ, ಕುಂಡ್ರು. ಒಂದು ಬಿರಡಿ ತಗದದ್ದು ಯಾರು ಅಂತ ಹೇಳ್ತೀನಿ."