ನನ್ನ ಕಥೆಗೆ ಹ್ಞೂಂಗುಟ್ಟಿದ್ದು ಯಾರು?

ಇಲ್ಲದ್ದನ್ನು ಹುಟ್ಟಿಸಿ ಬರೆಯುವುದೇ ನನ್ನ ಕೆಲಸ. ಕಡಲು ಹೆದ್ದಾರಿಯನ್ನು ನುಂಗಿದ ಕಾಲ, ನೀರಿನಡಿಯ ಕುಂದಾಪುರ, ದೋಣಿಯ ಮೇಲೊಂದು ಶಾಲೆ... ನನ್ನ ಕಾದಂಬರಿಗಳೆಲ್ಲ ಇಂಥವೇ. ಹಾಗಾಗಿ ನಾನು ‘ಇದು ನಡೆದದ್ದು’ ಎಂದರೆ ನಿಮಗೆ ನಗು ಬರಬಹುದು. ನಗಿ. ಆದರೆ ಇದರಲ್ಲಿ ಒಂದಕ್ಷರವನ್ನೂ ನಾನು ಹುಟ್ಟಿಸಿಲ್ಲ. ಹುಟ್ಟಿಸಿದ್ದಾಗಿದ್ದರೆ ಇದಕ್ಕೊಂದು ಒಳ್ಳೆಯ ಕೊನೆ ಕೊಡುತ್ತಿದ್ದೆ.

ನಮ್ಮ ಮನೆ ತ್ರಾಸಿಯಲ್ಲಿ, ಹೆದ್ದಾರಿಯಿಂದ ಕೆಳಗೆ, ಕಡಲ ಬದಿಗೆ. ಅಮ್ಮ ಮೀನಿನ ಬುಟ್ಟಿ ಹೊತ್ತು ಬಸ್ಸಿನಲ್ಲಿ ವಂಡ್ಸೆಗೆ ಹೋಗಿ ಮಾರುತ್ತಿದ್ದಳು. ಆ ಬುಟ್ಟಿಯಿಂದಲೇ ನಾನು ಬಿ.ಎ. ಮುಗಿಸಿದೆ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅಮ್ಮನಿಗೆ ಓದಲು ಬಾರದು. ಬರೆದದ್ದನ್ನೆಲ್ಲ ಅವಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಅವಳು ಮೀನು ಕೊಯ್ಯುತ್ತಾ ‘ಹ್ಞೂಂ’ ಅನ್ನುತ್ತಿದ್ದಳು. ಹ್ಞೂಂ ಬೇಗ ಬಂದರೆ ಕಥೆ ಓಡುತ್ತಿದೆ ಎಂದರ್ಥ. ತಡವಾದರೆ ಆ ಪ್ಯಾರಾ ಸತ್ತಿದೆ, ಹೊಡೆದು ಹಾಕುತ್ತಿದ್ದೆ. ಹೇಗೆ ಬರೆಯಬೇಕು ಎಂದು ಕೇಳುವ ಹುಡುಗರಿಗೆ ನಾನು ಹೇಳುವುದೂ ಇಷ್ಟೇ, ಯಾರಿಗಾದರೂ ಓದಿ ಹೇಳಿ, ಅವರ ಹ್ಞೂಂ ಕೇಳಿಸಿಕೊಳ್ಳಿ.

ಸುಮ್ಮನೆ ಹ್ಞೂಂ ಅನ್ನುವವಳೂ ಅಲ್ಲ ಅವಳು. "ಹ್ವಾಯ್, ಕಡ್ಲ್ ರೋಡಿನ್ ಮೇಲ್ ಬಂದ್ರೆ ವಂಡ್ಸೆ ಬಸ್ಸಿನ್ ಕಂಡಕ್ಟ್ರ್ ಎಂತ ಮಾಡ್ತ? ಈಜ್ತಾ ಈಜ್ತಾ ಟಿಕೆಟ್ ಹರೀತ್ನಾ? ಮೀನಿಗೆಲ್ಲ ಹಾಫ್ ಟಿಕೆಟಾ?" ಎಂದು ಕೇಳಿ ತಾನೇ ನಗುತ್ತಿದ್ದಳು. ಆ ಕಂಡಕ್ಟರನೇ ನನ್ನ ಮೊದಲ ಪುಸ್ತಕದಲ್ಲಿ ಎಲ್ಲರಿಗೂ ಇಷ್ಟವಾದ ಪಾತ್ರ.

ಒಂದು ಮಾತನ್ನು ಮಾತ್ರ ಅವಳು ನಗದೆ, ‘ಹೆಣೆ’ ಎಂದು, ಅಂದರೆ ಹೆಣ್ಣೇ ಎಂದು ಕರೆದು, ಹೇಳುತ್ತಿದ್ದಳು. "ಹ್ಞೂಂ ಅಂಬವ್ರ್ ಇಲ್ದೆ ಕಥಿ ಹೇಳ್ಬಾರ್ದ್ ಹೆಣೆ. ಹೇಳ್ರೆ, ಬೇರೆ ಯಾರಾರೂ ಹ್ಞೂಂ ಅಂತ್ರ್."

ಎರಡನೇ ಕಾದಂಬರಿ ಅರ್ಧಕ್ಕೆ ಬಂದಾಗ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗಡೆ ಬಿದ್ದುಹೋಯಿತು, ಮಾತು ನಿಂತಿತು. ಕುಂದಾಪುರದ ಆಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿ, "ಮನೆಗೆ ಕರ್ಕೊಂಡು ಹೋಗಿ. ಮಾತಾಡಿಸ್ತಾ ಇರಿ" ಎಂದರು. ಆ ‘ಮಾತಾಡಿಸ್ತಾ ಇರಿ’ ಎಂಬುದನ್ನೇ ಹಿಡಿದುಕೊಂಡು ನಾನು ಬದುಕಿದೆ. ದಿನಾ ಓದುತ್ತಿದ್ದೆ. ಅವಳ ಕಣ್ಣು ತಲೆಯ ಮೇಲಿನ ಹಂಚಿನ ಮಾಡಿನಲ್ಲೇ ನೆಟ್ಟಿರುತ್ತಿತ್ತು.

ಒಂದು ದಿನ ಅವಳ ಗಂಟಲಲ್ಲಿ ನೀರೂ ಇಳಿಯಲಿಲ್ಲ. ಪಕ್ಕದ ಮನೆಯ ಗುಲಾಬಿಯಕ್ಕ ಪಾದ ಮುಟ್ಟಿ ನೋಡಿದಳು. "ಕಾಲ್ ತಣ್ಣಗಾಯ್ತ್ ಹೆಣೆ. ಸಂಬಂಧದವ್ರಿಗೆಲ್ಲ ಒಂದ್ ಫೋನ್ ಮಾಡ್" ಎಂದು ಪಿಸುಗುಟ್ಟಿ, ರಾತ್ರಿಗೆ ನಮ್ಮ ಚಾವಡಿಯಲ್ಲೇ ಮಲಗಿದಳು.

ನಾನು ಯಾರಿಗೂ ಫೋನ್ ಮಾಡಲಿಲ್ಲ. ಬರೆದ ಹಾಳೆಗಳನ್ನು ತಂದು, ಹಿತ್ತಿಲ ಬಾಗಿಲಿಗೆ ಬೆನ್ನು ಹಾಕಿ, ಅವಳ ಮಂಚದ ಬದಿಗೆ ಕೂತು ಓದತೊಡಗಿದೆ. ಮುಳುಗಿದ ತನ್ನ ಮನೆಯನ್ನು ಹುಡುಕಿಕೊಂಡು ಹುಡುಗಿಯೊಬ್ಬಳು ದೋಣಿಯಲ್ಲಿ ಹೊರಡುವ ಅಧ್ಯಾಯ ಅದು.

"ಹ್ಞೂಂ..."

ಅಮ್ಮನದೇ ಸ್ವರ! ಎದೆ ಒಡೆದುಹೋಗುವಷ್ಟು ಸಂತೋಷ. ಹಾಳೆಯಿಂದ ತಲೆ ಎತ್ತದೆ ಇನ್ನೊಂದು ಸಾಲು ಓದಿದೆ. ಮತ್ತೆ "ಹ್ಞೂಂ..."

ತಲೆ ಎತ್ತಿದೆ. ಅಮ್ಮನ ಬಾಯಿ ಮುಚ್ಚಿತ್ತು. ಕಣ್ಣು ಮಾಡಿನ ಮೇಲಿರಲಿಲ್ಲ... ನನ್ನ ಭುಜದಾಚೆ, ಹಿತ್ತಿಲ ಬಾಗಿಲನ್ನು ನೋಡುತ್ತಿತ್ತು.

ಹಸಿ ಬಲೆಯ ವಾಸನೆ ಬಂತು. ಬಾಗಿಲಾಚೆ ನೀರು ತೊಟ್ಟಿಕ್ಕುವ ಸದ್ದು... ಟಪ್... ಟಪ್... ಅದು ಕಡುಬೇಸಿಗೆ. ಹಿತ್ತಿಲಲ್ಲಿ ಎಲ್ಲೂ ನೀರಿರಲಿಲ್ಲ.

ಓದು ನಿಲ್ಲಿಸಿದೆ. ಅಮ್ಮನ ಉಸಿರೂ ನಿಂತಿತು.

ಎದೆ ಏಳಲಿಲ್ಲ. ತುಟಿ ಕಪ್ಪಿಟ್ಟಿತು. "ಅಮ್ಮಾ!" ಎಂದು ಅಲುಗಾಡಿಸಿದೆ. ಏನೂ ಇಲ್ಲ. ಏನು ಮಾಡಲೂ ತೋಚದೆ ಮುಂದಿನ ಸಾಲು ಓದಿಬಿಟ್ಟೆ.

"ಹ್ಞೂಂ..." ಎಂದಿತು ಬಾಗಿಲು. ಅಮ್ಮನ ಎದೆ ಎದ್ದಿತು.

ಆಮೇಲೆ ನಾನು ನಿಲ್ಲಿಸಲಿಲ್ಲ. ಹಾಳೆಗಳು ಮುಗಿದವು. ಮುಂದಿನದು ನನ್ನ ತಲೆಯಲ್ಲೂ ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. ಹುಡುಗಿ ಮನೆ ತಲುಪಿದರೆ ಕಥೆ ಮುಗಿಯುತ್ತದಲ್ಲ... ತಲುಪಲು ಬಿಡಲಿಲ್ಲ. ಬಾಗಿಲ ಹಿಂದೆ ಬಾಗಿಲು ಇಟ್ಟೆ. ಅದರ ಹಿಂದೆ ಇನ್ನೊಂದು. ಗಂಟಲು ಒಣಗಿತು, ಸ್ವರ ಬಿತ್ತು. ನೀರಿಗಾಗಿ ಕೈ ಚಾಚಲೂ ಹೆದರಿಕೆ. ಆ ಹ್ಞೂಂ ಬಾಗಿಲಾಚೆಯಿಂದ ಒಳಗೆ ಬಂತು... ಕೋಣೆಯ ಮೂಲೆಗೆ ಬಂತು... ಕೊನೆಕೊನೆಗೆ ನನ್ನ ಕಿವಿಯ ಹಿಂದೆಯೇ, ತಣ್ಣನೆಯ ಉಸಿರಿನ ಜೊತೆ. ನಾನು ತಿರುಗಲಿಲ್ಲ. ತಿರುಗಿದ್ದರೆ ಮಾತು ತುಂಡಾಗುತ್ತಿತ್ತು.

ಹೆದ್ದಾರಿಯಲ್ಲಿ ಬೆಳಗಿನ ಮೊದಲ ಬಸ್ಸಿನ ಹಾರ್ನ್ ಕೇಳಿದಾಗ ಬೆನ್ನ ಹಿಂದೆ ಏನೂ ಇರಲಿಲ್ಲ. ಅಮ್ಮ ನಿದ್ದೆ ಹೋಗಿದ್ದಳು. ಉಸಿರು ಸರಿಯಾಗಿತ್ತು.

ಗುಲಾಬಿಯಕ್ಕ ಕಣ್ಣುಜ್ಜುತ್ತಾ ಒಳಗೆ ಬಂದಳು. "ರಾತ್ರಿ ಇಡೀ ಹ್ಞೂಂ ಹ್ಞೂಂ ಅಂಬುದ್ ಕೇಂಡಿತ್. ನಿನ್ನ್ ಅಬ್ಬಿಗೆ ಮಾತ್ ಬಂತಾ ಹೆಣೆ?"

ನಾನು ಒಲೆ ಹಚ್ಚಿ ಗಂಜಿಗೆ ನೀರಿಟ್ಟೆ.

ಅಂದು ಅಮ್ಮ ಗಂಜಿ ತಿಳಿ ನುಂಗಿದಳು. ಈಗ ಎಡಗೈಯಲ್ಲಿ ತಾನೇ ತಿನ್ನುತ್ತಾಳೆ. ಮಾತು ಬಂದಿಲ್ಲ. ಒಮ್ಮೆ ಧೈರ್ಯ ಮಾಡಿ ಕೊನೆಯ ಅಧ್ಯಾಯ ಬರೆದು ಅವಳೆದುರು ಓದಿದೆ. ಹುಡುಗಿ ಮನೆಯ ಹೊಸ್ತಿಲಿಗೆ ಕಾಲಿಡುವ ಸಾಲು ಬಂದದ್ದೇ ತಡ, ಅಮ್ಮ ಎಡಗೈಯಿಂದ ನನ್ನ ಬಾಯಿ ಮುಚ್ಚಿದಳು. ಉಗುರು ಕೆನ್ನೆಗೆ ಇಳಿಯಿತು. ಆ ಹಾಳೆಯನ್ನು ಅಂದೇ ಒಲೆಗೆ ಹಾಕಿದೆ. ಕೊನೆಯಿಲ್ಲದೆಯೇ ಆ ಕಾದಂಬರಿಯನ್ನು ಭಾಗ ಭಾಗವಾಗಿ ಅಚ್ಚಿಗೆ ಕೊಡತೊಡಗಿದೆ.

ಮೊನ್ನೆ ಬ್ರಹ್ಮಾವರದಲ್ಲಿ ಓದುಗರ ಜೊತೆ ಮಾತುಕತೆ ಇತ್ತು. "ಮೇಡಂ, ಮೂರನೇ ಭಾಗವೂ ಬಂತು. ಆ ಹುಡುಗಿ ಮನೆಗೆ ಹೋಗೂದ್ ಯಾವಾಗ? ಪುಸ್ತಕ ಮಾರೂಕೆ ಎಳೀತಿದ್ರ್ಯಾ?" ಎಂದು ಒಬ್ಬ ಕಿಚಾಯಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾಲ್ಕನೇ ಭಾಗ ಬರೆಯುತ್ತಿದ್ದೇನೆ. ಚೆನ್ನಾಗಿಲ್ಲ, ನನಗೇ ಗೊತ್ತು. ಆದರೂ ದಿನಾ ಕತ್ತಲಾದ ಮೇಲೆ ಅಮ್ಮನ ಮಂಚದ ಬದಿಗೆ ಕೂತು ಓದುತ್ತೇನೆ, ಹುಡುಗಿಯ ಮುಂದೆ ಇನ್ನೊಂದು ಬಾಗಿಲು ಇಡುತ್ತೇನೆ, ಮತ್ತು ಅಮ್ಮನ ಎದೆಯನ್ನೇ ನೋಡುತ್ತಿರುತ್ತೇನೆ... ಏರುತ್ತದೆ, ಇಳಿಯುತ್ತದೆ.