ಹೊಕ್ಕುಳಬಳ್ಳಿಯ ಒಳಪದರ ಸಾಕುವವರು

ಈ ಪ್ರಯೋಗಾಲಯದಲ್ಲಿ ಜೀವಕೋಶ ಸಾಕುವ ಈ ಹೆಂಗಸಿಗೆ ಸ್ವಂತದ್ದೊಂದು ಕುರ್ಚಿ ಇಲ್ಲ. ಬೆಳಗಿನ ಐದೂವರೆಗೆ ನಿಂತೇ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದಾರೆ. ಕಿಟಕಿಯಾಚೆ ಬೀದಿದೀಪಗಳು ಆರಿಲ್ಲ. ಮಸೂರದ ಕೆಳಗೆ, ತೆಳುಗುಲಾಬಿ ದ್ರವದಲ್ಲಿ ಜೀವಕೋಶಗಳು ಮಲಗಿವೆ. ಮೊದಲ ದಿನ ಒಂದೊಂದೂ ಒಂಟಿ. ಮೂರನೇ ದಿನಕ್ಕೆ ಮೈಚಾಚಿ ಪಕ್ಕದ್ದರ ಭುಜ ಮುಟ್ಟುತ್ತವೆ. ಐದನೇ ದಿನ ಇಡೀ ತಟ್ಟೆ ಒಂದೇ ನಿದ್ದೆಯಲ್ಲಿರುವಂತೆ ಕಾಣುತ್ತದೆ.

"ನೋಡ್ತಾ ನಿಂತ್ರೆ ನಾನೂ ಅದ್ರಲ್ಲೇ ತೇಲ್ತಾ ಇದೀನಿ ಅನ್ಸುತ್ತೆ. ಕಾಲು ನೋಯೋದು ಆಮೇಲೇ ಗೊತ್ತಾಗೋದು," ಎನ್ನುತ್ತಾರೆ.

ಜೊತೆಯವರು ಇಟ್ಟ ಹೆಸರು ‘ಸೂಲಗಿತ್ತಿ’. ಓದಿದ್ದು ಏಳನೇ ತರಗತಿ. ಬಾಟಲಿ ತೊಳೆಯಲು ಸೇರಿದವರು, ಹತ್ತೊಂಬತ್ತು ವರ್ಷಗಳಿಂದ ಹೆರಿಗೆ ವಾರ್ಡಿಗೆ ಹೋಗಿ, ತಾಯಂದಿರು ಒಪ್ಪಿ ಕೊಟ್ಟ ಹೊಕ್ಕುಳಬಳ್ಳಿಗಳನ್ನು ತಣ್ಣನೆಯ ಡಬ್ಬಿಯಲ್ಲಿ ತರುತ್ತಿದ್ದಾರೆ. ಮಗು ಅವರಿಗೆ, ಬಳ್ಳಿ ನಿನಗೆ, ಬಾಣಂತನ ಮಾತ್ರ ಇಬ್ಬರಿಗೂ ತಪ್ಪಿದ್ದಲ್ಲ ಎಂದು ವಾರ್ಡಿನ ನರ್ಸು ಕಾಡಿಸುತ್ತಾರಂತೆ. ಬಳ್ಳಿಯ ರಕ್ತನಾಳ ತೊಳೆದು, ಒಳಪದರದ ಕೋಶಗಳನ್ನು ಬಿಡಿಸಿ, ತಟ್ಟೆಗಳಲ್ಲಿ ಬೆಳೆಸಬೇಕು. ದಿನಕ್ಕೆ ಅರವತ್ತು ತಟ್ಟೆಗಳಿಗೆ ಆಹಾರದ ದ್ರವ ಬದಲಿಸಬೇಕು. ಕೋಶಗಳಿಗೆ ಭಾನುವಾರವಿಲ್ಲ.

ಇಷ್ಟೆಲ್ಲ ಏಕೆ? ಅವರ ವಿವರಣೆ ಅಡುಗೆಮನೆಯದು. "ಕಾವಲಿ ಪಳಗಿರೋ ತನಕ ಏನೂ ಅಂಟಲ್ಲ. ಮೇಲಿನ ಪದರ ಕಿತ್ಹೋದ್ರೆ ಎಲ್ಲಾ ಹಿಡ್ಕೊಳ್ಳುತ್ತೆ. ರಕ್ತನಾಳಾನೂ ಅಷ್ಟೇ." ಆ ಪದರ ಕೆಟ್ಟಲ್ಲಿ ಕೊಬ್ಬು ಸೇರುತ್ತದೆ, ಹೃದಯದ ದಾರಿ ಕಟ್ಟುತ್ತದೆ. ಪದರವನ್ನೇ ಕಾಯುವ ಮದ್ದೊಂದನ್ನು ಇಲ್ಲಿ ಪರೀಕ್ಷಿಸುತ್ತಿದ್ದಾರೆ. ಮನೆಯಲ್ಲಿ ಅತ್ತೆಗೂ ಅದೇ ಕಾಯಿಲೆ. ಮೂರು ಮೆಟ್ಟಿಲು ಹತ್ತಿದರೆ ಏದುಸಿರು, ಬಾಯಿ ಮಾತ್ರ ಗಟ್ಟಿ. ನಿನ್ನ ಕೋಶಗಳಿಗೆ ಮದುವೆ ವಯಸ್ಸು ಬರುವುದರೊಳಗೆ ನಾನು ಹೊರಟಿರುತ್ತೇನೆ ಎಂದು ಸೊಸೆಯನ್ನು ದಿನಾ ಚುಚ್ಚುತ್ತಾರೆ.

ಹೋದ ಮಂಗಳವಾರ ಆ ಮದ್ದಿನ ಕೊನೆಯ ಸುತ್ತು. ಹನ್ನೆರಡು ತಟ್ಟೆಗೆ ಮದ್ದು ಹಾಕಿದ್ದರು, ಹನ್ನೆರಡಕ್ಕೆ ಇಲ್ಲ. ತಟ್ಟೆಯ ತಳದಲ್ಲಿ ಗುರುತು ಬರೆಯುವುದು ಇಲ್ಲಿನ ಪದ್ಧತಿ. ಹೊಸ ಸಂಶೋಧಕಿ ಅವಸರದಲ್ಲಿ ಮುಚ್ಚಳದ ಮೇಲೆ ಬರೆದಿದ್ದರು. ಸೂಲಗಿತ್ತಿ ಎಂದಿನಂತೆ ಆರಾರು ಮುಚ್ಚಳ ತೆಗೆದು ಒಟ್ಟಿದರು, ದ್ರವ ಬದಲಿಸಿದರು, ಕೈಗೆ ಸಿಕ್ಕಿದ್ದನ್ನು ಮುಚ್ಚಿದರು. ಕೊನೆಯ ಸಾಲು ಮುಗಿಸಿ ತಳ ನೋಡಿದರೆ ಒಂದರಲ್ಲೂ ಗುರುತಿಲ್ಲ. ಯಾವುದಕ್ಕೆ ಮದ್ದು ಬಿದ್ದಿತ್ತೆಂದು ಹೇಳಬಲ್ಲವರು ಈಗ ಯಾರೂ ಇಲ್ಲ.

ಕೋಣೆಯಲ್ಲಿ ಅವರೊಬ್ಬರೇ ಇದ್ದರು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸಂಶೋಧಕಿ ಬರುವವರೆಗೆ ಕಾದು ಹೇಳಿದರು. ಆಕೆ ಬಿಳಿಚಿಕೊಂಡು, ಚೆನ್ನಾಗಿ ಕಾಣುವ ಕೋಶಗಳೇ ಮದ್ದಿನವು ಎಂದು ಅಂದಾಜಿನಲ್ಲಿ ಬರೆದುಕೊಳ್ಳೋಣವೇ ಎಂದು ಕೇಳಿದರು.

"ಅಂದಾಜಿನ ಮದ್ದನ್ನ ನಿಮ್ಮ ಅಮ್ಮನಿಗೆ ಕುಡಿಸ್ತೀರೇನಮ್ಮಾ?"

ತಪ್ಪು ನಿಮ್ಮದೊಂದೇ ಅಲ್ಲ, ತಳ ನೋಡದೆ ಮುಚ್ಚಳ ತೆಗೆದವಳು ನಾನು ಎಂದು ಸೂಲಗಿತ್ತಿಯೇ ಸಂಶೋಧಕಿಗೆ ಸಮಾಧಾನ ಹೇಳಿ, ಒಂದೊಂದೇ ತಟ್ಟೆಗೆ ಕೋಶ ಕೊಲ್ಲುವ ಬ್ಲೀಚ್ ಸುರಿದರು. ಗುಲಾಬಿ ಬಣ್ಣ ಬಿಳುಪಾಗುತ್ತ ಹೋಯಿತು. ಪುಸ್ತಕದಲ್ಲಿ ದಿನಾಂಕ ಹಾಕಿ, ದುಂಡಗಿನ ಅಕ್ಷರದಲ್ಲಿ ಅವರೇ ಬರೆದಿದ್ದಾರೆ: ಚೆಲ್ಲಿದ್ದು ಇಪ್ಪತ್ನಾಲ್ಕು ತಟ್ಟೆ, ಒಂಬತ್ತು ಬಳ್ಳಿ, ಹನ್ನೊಂದು ವಾರದ ದುಡಿಮೆ.